ಮೆಟ್ಟುಕತ್ತಿಯ ಕೈಗೆ ಒಂದು ಲ್ಯಾಟಿನ್ ಕ್ರಿಯಾಪದ

1962ರ ಮಾರ್ಚ್ ತಿಂಗಳಲ್ಲಿ ಪುತ್ತೂರಿನಲ್ಲಿ ನಡೆದ ಪಿ.ಯು.ಸಿ. ಜೀವಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ಕೊಲ್ಲಮೊಗ್ರು ಗ್ರಾಮದ ದೇವಕಿ ಎಂಬ ವಿದ್ಯಾರ್ಥಿನಿ ಅನುತ್ತೀರ್ಣಳಾದಳು. ಪರೀಕ್ಷಕರು ಅವಳ ಬಳಿಗೆ ಬಂದಾಗ ಕತ್ತಿ ಮೇಜಿನ ಸೀಳಿನಲ್ಲಿ ನೆಟ್ಟಗೆ ನಿಂತಿತ್ತು, ಕಪ್ಪೆ ಅವಳ ಎರಡು ಕೈಗಳಲ್ಲಿತ್ತು. ಇರಬೇಕಾದದ್ದು ಇದಕ್ಕೆ ತಿರುಗುಮುರುಗಾಗಿ.

ಪಕ್ಕದ ಮೇಜಿನಲ್ಲಿ ಇದ್ದವಳು ನಾನು. ಹಾಗಾಗಿ ಇಷ್ಟನ್ನು ಕಣ್ಣಾರೆ ಕಂಡದ್ದೆಂದು ಬರೆಯಬಹುದು.

ಇದೆಲ್ಲ ಈಗ ನೆನಪಾದದ್ದಕ್ಕೆ ಕಾರಣ ಒಂದು ಪೆಟ್ಟಿಗೆ. ಪೆಟ್ಟಿಗೆ ಎನ್ನುವುದೂ ಸರಿಯಲ್ಲ. ಕಪ್ಪು ರೆಕ್ಸಿನ್ನಿನ, ಮಡಚಿ ಗುಂಡಿ ಹಾಕುವ ಒಂದು ಚೀಲ. ಒಳಗೆ ಎರಡು ಪುಟ್ಟ ಕತ್ತಿ, ಒಂದು ಕತ್ತರಿ, ಎರಡು ಚಿಮಟ, ಮರದ ಹಿಡಿಯ ಎರಡು ಸೂಜಿ. ಹೊರಗೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಡಿಸೆಕ್ಷನ್ ಬಾಕ್ಸ್’ ಎಂದು ಒತ್ತಿದ್ದಾರೆ. ಮೊದಲು ಅದು ಬಂಗಾರದ ಬಣ್ಣದಲ್ಲಿತ್ತು. ಈಗ ಬಣ್ಣ ಹೋಗಿ ಗುಳಿ ಮಾತ್ರ ಉಳಿದಿದೆ, ಬೆರಳಾಡಿಸಿದರೆ ಓದಬಹುದು. ಕಳೆದ ವರ್ಷ ಮಂಗಳೂರಿನ ಮನೆ ಬದಲಿಸುವಾಗ ಮೇಜಿನ ಖಾನೆಯ ತಳದಲ್ಲಿ ಸಿಕ್ಕಿತು. ಪೆಟ್ಟಿಗೆ ದೇವಕಿಯದು. ನನ್ನ ಬಳಿಗೆ ಹೇಗೆ ಬಂತು ಎಂಬುದನ್ನು ಆಮೇಲೆ ಹೇಳುತ್ತೇನೆ.

ನಾನು ನೆಲ್ಯಾಡಿಯವಳು. ಅಪ್ಪ ಅಲ್ಲಿಯ ಶಾಲೆಯ ಮಾಷ್ಟ್ರು. ಮನೆಮಾತು ತುಳು. ದೇವಕಿಯದು ಕೃಷಿಕರ ಮನೆ, ಮಾತು ಅರೆಭಾಷೆ. ಪುತ್ತೂರಿನ ಬೊಳುವಾರಿನಲ್ಲಿ ಒಬ್ಬ ಅಜ್ಜಿಯ ಮನೆಯ ಹೊರಕೋಣೆಯನ್ನು ಇಬ್ಬರೂ ಹಂಚಿಕೊಂಡಿದ್ದೆವು. ಅವಳಿಗೆ ಡಾಕ್ಟರ್ ಆಗಬೇಕಿತ್ತು. ನನಗೆ ಏನಾಗಬೇಕೆಂದು ಗೊತ್ತಿರಲಿಲ್ಲ. ದೇವಕಿ ವಿಜ್ಞಾನ ಸೇರಿದಳು, ನಾನೂ ಸೇರಿದೆ. ನನ್ನ ಜೀವನದ ದೊಡ್ಡ ನಿರ್ಧಾರಗಳೆಲ್ಲ ಹೆಚ್ಚುಕಮ್ಮಿ ಇದೇ ರೀತಿ ಆಗಿವೆ.

ಅವಳ ಡಾಕ್ಟರ್ ಆಸೆಯ ಮೂಲ ಅವಳ ಅಮ್ಮನ ಹೊಟ್ಟೆಯ ಮೇಲಿತ್ತು. ಕೆಲವು ವರ್ಷಗಳ ಹಿಂದೆ ಆ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಸುಳ್ಯಕ್ಕೆ ತಂದು, ಅಲ್ಲಿಂದ ಮಂಗಳೂರಿಗೆ ಒಯ್ದು ಆಪರೇಷನ್ ಮಾಡಿಸಿದ್ದರು. ಅಮ್ಮ ಗುಣವಾಗಿ ಬಂದರು. ಬಂದ ಮೇಲೆ ಮನೆಗೆ ಬರುವ ಹೆಂಗಸರಿಗೆಲ್ಲ ಸೀರೆಯ ನೆರಿಗೆ ಸರಿಸಿ ಹೊಲಿಗೆಯ ಗುರುತು ತೋರಿಸುತ್ತಿದ್ದರು. ನನಗೂ ತೋರಿಸಿದ್ದಾರೆ. ಅಡಿಕೋಲು ಇಟ್ಟು ಎಳೆದಷ್ಟು ನೇರ ಗೆರೆ.

“ಇಷ್ಟು ಸಪೂರಕ್ಕೆ ಮನುಷ್ಯರ ಕೈಯಲ್ಲಿ ಕೊಯ್ಲಿಕ್ಕೆ ಆಗ್ತದೆ ನೋಡು” ಎಂದಳು ದೇವಕಿ, ಬಸ್ಸಿನಲ್ಲಿ ವಾಪಸು ಬರುವಾಗ. ಡಾಕ್ಟರ್ ಆಗುವುದರ ಬಗ್ಗೆ ಅವಳು ನನ್ನ ಹತ್ತಿರ ವಿವರವಾಗಿ ಹೇಳಿದ್ದು ಇದೊಂದೇ ಮಾತು.

ಇನ್ನು ಆ ಪರೀಕ್ಷೆ. ಕಾಲೇಜಿನಲ್ಲಿ ವರ್ಷವಿಡೀ ಕಪ್ಪೆಗಳಿಗೆ ಬರ. ಮಳೆಗಾಲದಲ್ಲಿ ಪುತ್ತೂರಿನ ಗದ್ದೆಗಳಲ್ಲಿ ಕಾಲಿಟ್ಟಲ್ಲಿ ಕಪ್ಪೆ, ಆದರೆ ಆಗ ನಮಗೆ ಎರೆಹುಳದ ಪಾಠ. ಕಪ್ಪೆಯ ಪಾಠ ಬರುವಷ್ಟರಲ್ಲಿ ಗದ್ದೆ ಒಣಗಿರುತ್ತಿತ್ತು. ಅಟೆಂಡರ್ ಬಾಬಣ್ಣ ತೊಟ್ಟಿಯಲ್ಲಿ ಸಾಕಿಟ್ಟ ಕಪ್ಪೆಗಳನ್ನು ನಾಲ್ಕು ಮಂದಿಗೆ ಒಂದರಂತೆ ಕೊಡುತ್ತಿದ್ದ. ನಮ್ಮ ಗುಂಪಿನಲ್ಲಿ ಕೊಯ್ಯುವ ಕೆಲಸ ಬೆಟ್ಟಂಪಾಡಿಯಿಂದ ಬರುತ್ತಿದ್ದ ಸಹಪಾಠಿಯದು. ಅವನಿಗೆ ಅದನ್ನು ಯಾರೂ ವಹಿಸಿರಲಿಲ್ಲ. ಕತ್ತಿಯನ್ನು ಮೊದಲು ಎತ್ತಿಕೊಂಡವನು ಅವನು. ನಾವಿಬ್ಬರು ನೋಡಿ ಚಿತ್ರ ಬರೆಯುತ್ತಿದ್ದೆವು. ನಾಲ್ಕನೆಯವನು ಕಿಟಕಿಯ ಬಳಿ ನಿಂತು ಗಾಳಿ ತೆಗೆದುಕೊಳ್ಳುತ್ತಿದ್ದ. ಹೀಗಾಗಿ ಒಂದಿಡೀ ಕಪ್ಪೆ, ಒಂದಿಡೀ ಕತ್ತಿ ನಮ್ಮ ಪಾಲಿಗೆ ಬಂದದ್ದು ಪರೀಕ್ಷೆಯ ದಿನವೇ.

ಇಲ್ಲಿ ನಮ್ಮ ಊರಿನ ಕತ್ತಿಗಳ ಬಗ್ಗೆ ನಾಲ್ಕು ಮಾತು ಹೇಳಬೇಕು. ಹೊರಗಿನವರಿಗೆ ಇದು ಗೊತ್ತಿಲ್ಲ, ಊರಿನವರು ಗಮನಿಸಿಲ್ಲ. ನಮ್ಮ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವುದು ಮೆಟ್ಟುಕತ್ತಿಯಲ್ಲಿ. ಹಲಗೆಯನ್ನು ಕಾಲಲ್ಲಿ ಮೆಟ್ಟಿ ಕೂರಬೇಕು, ಅಲಗು ಎದುರಿಗೆ ನಿಂತಿರುತ್ತದೆ, ಬದನೆಯನ್ನೋ ಸೌತೆಯನ್ನೋ ಎರಡು ಕೈಯಲ್ಲಿ ಹಿಡಿದು ಅದರ ಬಾಯಿಗೆ ಕೊಡಬೇಕು. ತೆಂಗಿನಕಾಯಿ ಹೆರೆಯುವ ಹೆರೆಮಣೆಯೂ ಹಾಗೆಯೇ, ಹಲ್ಲು ಕದಲುವುದಿಲ್ಲ, ಕಾಯಿಯ ಹೋಳು ತಿರುಗುತ್ತದೆ. ಕಾಯಿ ಸುಲಿಯಲು ನೆಲದಲ್ಲಿ ಹುಗಿದ ಸಲಾಕೆ, ಅಡಿಕೆ ಸುಲಿಯಲು ಮಣೆಗೆ ಬಡಿದ ಕತ್ತಿ, ಎಲ್ಲವೂ ಇದ್ದಲ್ಲೇ ಇರುವಂಥವು. ಕತ್ತಿ ಕೂತಿರುತ್ತದೆ, ಕೊಯ್ಯಿಸಿಕೊಳ್ಳುವುದು ಅದರ ಬಳಿಗೆ ಹೋಗುತ್ತದೆ. ಬೀಸುವ ಕತ್ತಿ ಗಂಡಸರ ಸೊಂಟದಲ್ಲಿತ್ತು, ಸೊಪ್ಪು ಕಡಿಯಲು, ದಾರಿ ಬಿಡಿಸಲು. ಮನೆಯೊಳಗಿನ ಹೆಂಗಸರ ಕತ್ತಿಗಳಲ್ಲಿ ಒಂದೂ ಕೈಗೆ ಬರುವಂಥದ್ದಲ್ಲ.

ದೇವಕಿ ಅಡಿಕೆ ಸುಲಿಯುವುದರಲ್ಲಿ ಅವಳ ಮನೆಯಲ್ಲೇ ಎಲ್ಲರಿಗಿಂತ ಮುಂದೆ. ಅಡಿಕೆಗೆ ಗಾಯವಾಗದಂತೆ ಸಿಪ್ಪೆ ಮಾತ್ರ ಬಿಡಿಸುತ್ತಿದ್ದಳು, ಅದೂ ಪಕ್ಕದವರೊಡನೆ ಮಾತಾಡುತ್ತ. ಆ ಕೈಗೆ ಮಾರ್ಚ್ ತಿಂಗಳಲ್ಲಿ ಒಂದು ತೆಳು ಕತ್ತಿ ಕೊಟ್ಟು, ಮೇಣದ ತಟ್ಟೆಯಲ್ಲಿ ನಾಲ್ಕು ಕಾಲಿಗೂ ಸೂಜಿ ಚುಚ್ಚಿ ಮಲಗಿಸಿದ ಕಪ್ಪೆಯನ್ನು ಮುಂದಿಟ್ಟು, ಕೊಯ್ಯಿ ಎಂದರು. ಅವಳು ನಾಲ್ಕೈದು ನಿಮಿಷ ಪ್ರಯತ್ನ ಮಾಡಿದಳು. ಕತ್ತಿ ಎಲ್ಲೆಲ್ಲೋ ಹೋಯಿತು. ಆಮೇಲೆ ಅವಳ ಕೈ ತನಗೆ ಗೊತ್ತಿದ್ದನ್ನು ಮಾಡಿತು. ಸೂಜಿ ಕಿತ್ತಳು, ಹಳೆಯ ಮೇಜಿನ ಹಲಗೆಗಳ ನಡುವಿನ ಸೀಳಿಗೆ ಕತ್ತಿಯ ಹಿಡಿ ಸಿಕ್ಕಿಸಿ ಅಲಗು ನಿಲ್ಲಿಸಿದಳು, ಕಪ್ಪೆಯನ್ನು ಎತ್ತಿಕೊಂಡಳು.

ಪರೀಕ್ಷಕರು ಮೈಸೂರು ಕಡೆಯವರು. ಬಂದು ನಿಂತು ಸ್ವಲ್ಪ ಹೊತ್ತು ನೋಡಿದರು.

“ಏನಮ್ಮ ಇದು, ಬದನೇಕಾಯಿ ಅಂದ್ಕೊಂಡ್ಯಾ?”

ಬದನೆಕಾಯಿಯ ಲೆಕ್ಕದಲ್ಲಿ ನೋಡಿದರೆ ಕೆಲಸ ಉತ್ತಮವಾಗಿತ್ತು. ಒಂದೇ ಎಳೆತಕ್ಕೆ ಚರ್ಮ, ಮಾಂಸ, ಯಕೃತ್ತು ಎಲ್ಲ ಒಟ್ಟಿಗೆ, ಅಂಚು ಸ್ವಲ್ಪವೂ ಹರಿಯದೆ ಎರಡಾಗಿದ್ದವು.

ನಾನು ಪಾಸಾದೆ. ನಾನು ಕೊಯ್ದದ್ದು ಅವಳಿಗಿಂತ ಉತ್ತಮವಾಗಿತ್ತೆಂದು ಯಾರೂ ತಿಳಿಯಬಾರದು. ಕತ್ತಿಯನ್ನು ಮುಟ್ಟದೆ ಕತ್ತರಿಯಲ್ಲಿ ಹೇಗೋ ಹೊಟ್ಟೆ ತೆರೆದು, ಕಂಡದ್ದಕ್ಕೆಲ್ಲ ಚಿಕ್ಕ ಚೀಟಿ ಬರೆದು ಸೂಜಿಯಲ್ಲಿ ಚುಚ್ಚಿದ್ದೆ. ಹೃದಯ, ಶ್ವಾಸಕೋಶ, ಪಿತ್ತಕೋಶ, ಎಲ್ಲ ಗುಂಡಗಿನ ಅಕ್ಷರದಲ್ಲಿ, ಒಂದೇ ಅಳತೆಯಲ್ಲಿ. ಪರೀಕ್ಷಕರು ಚೀಟಿಗಳನ್ನು ನೋಡಿ ತಲೆದೂಗಿದರು. ನಾನು ಮುಂದೆ ಮೂವತ್ತು ವರ್ಷ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಬೇರೆಯವರು ಕೊಯ್ದು ತಂದ ಸುದ್ದಿಗೆ ಶೀರ್ಷಿಕೆ ಹಚ್ಚಿದ್ದಕ್ಕೆ ಆ ಕಪ್ಪೆಯೇ ಅಡಿಪಾಯವಿರಬೇಕು.

ಫಲಿತಾಂಶ ಬಂದ ಮೇಲೆ ದೇವಕಿಯ ಅಪ್ಪ ಪುತ್ತೂರಿಗೆ ಬಂದರು. ಗಟ್ಟಿ ಮಾತಿನವರಲ್ಲ. ಅಜ್ಜಿಯ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ಹೇಳಿದರು:

“ಸೆಪ್ಟೆಂಬರಿಗೆ ಇನ್ನೊಂದು ಸರ್ತಿ ಬರಿ. ಆಗದ್ರೆ ಸಾಕು. ಮನೇಲಿ ಕೆಲಸ ಉಟ್ಟು.” ಉಟ್ಟು ಎಂದರೆ ಅರೆಭಾಷೆಯಲ್ಲಿ ಉಂಟು.

ಅವಳು ತಲೆಯಾಡಿಸಿದಳು. ಅವರು ಮಧ್ಯಾಹ್ನದ ಬಸ್ಸಿಗೆ ಹೋದರು. ಉಳಿದ ವಿಷಯಗಳಲ್ಲೆಲ್ಲ ಅವಳಿಗೆ ಒಳ್ಳೆಯ ಅಂಕವಿತ್ತು. ಇದ್ದದ್ದು ಇದೊಂದೇ ಅಡ್ಡಿ, ಒಂದು ಕಪ್ಪೆ.

ಆಗಸ್ಟಿನಲ್ಲಿ ಅವಳು ನಮ್ಮ ಮನೆಗೆ ಬಂದಳು. ಕೊಲ್ಲಮೊಗ್ರುವಿನಿಂದ ಹೊರಟು, ಕಡಬದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಒಂದು ದಿನ ಇದ್ದು, ಒದ್ದೆ ಚೀಲದಲ್ಲಿ ಪುಸ್ತಕಗಳನ್ನೂ ಈ ಪೆಟ್ಟಿಗೆಯನ್ನೂ ಹೊತ್ತುಕೊಂಡು. ನಾನು ಚೀಟಿ ಬರೆದು ಪಾಸಾದವಳು, ಅವಳಿಗೆ ಕೊಯ್ಯಲು ಹೇಳಿಕೊಡುವ ಯೋಗ್ಯತೆ ನನಗಿರಲಿಲ್ಲ. ಓದಿಗೆ ಜೊತೆಯಾಗಲಿ ಎಂದು ಕರೆದಿದ್ದೆ.

ನಮ್ಮ ಮನೆಯಾಚೆ ಮತ್ತಾಯಿ ಚೇಟ್ಟನ, ಎಂದರೆ ಮತ್ತಾಯಿ ಅಣ್ಣನ, ರಬ್ಬರ್ ತೋಟ. ತೋಟ ಎನ್ನುವಷ್ಟಿಲ್ಲ, ಗುಡ್ಡದ ಒಂದು ಮಗ್ಗುಲು. ಏಳೆಂಟು ವರ್ಷದ ಹಿಂದೆ ತಿರುವಾಂಕೂರು ಕಡೆಯಿಂದ ಬಂದು ಕಾಡು ಸವರಿ ಗಿಡ ನೆಟ್ಟವರು. ನೆಟ್ಟ ಏಳು ವರ್ಷಕ್ಕೆ ಮರ ಹಾಲು ಕೊಡುತ್ತದೆ. ಅವರದ್ದು ಆ ವರ್ಷವೇ ಶುರುವಾಗಿತ್ತು. ಊರಿನವರಿಗೆ ರಬ್ಬರ್ ಹೊಸತು. ಮರಕ್ಕೆ ಓರೆಯಾಗಿ ಗೆರೆ ಕೊರೆದು ಕೆಳಗೆ ತೆಂಗಿನ ಗೆರಟೆ ಕಟ್ಟುವುದನ್ನು ನೋಡಲಿಕ್ಕೆಂದೇ ಜನ ಬೇಲಿಯ ಬಳಿ ನಿಲ್ಲುತ್ತಿದ್ದರು.

ಮತ್ತಾಯಿ ಚೇಟ್ಟ ನಮ್ಮ ಅಪ್ಪನ ಪೇಪರ್ ಓದಲು ಮಧ್ಯಾಹ್ನ ಬರುತ್ತಿದ್ದರು. ಆ ದಿನ ಜಗಲಿಯಲ್ಲಿ ಪೇಪರಿನ ಬದಲು ದೇವಕಿಯ ಪೆಟ್ಟಿಗೆ ಇತ್ತು. ಅದರ ಮೇಲಿನ ಅಕ್ಷರಗಳನ್ನು ಓದಿ ಅವರು ಕೂತುಬಿಟ್ಟರು.

“ದಿಸ್, ಸೆಕಾರೆ” ಎಂದರು. “ಇದು ಲ್ಯಾಟಿನ್ ಅಲ್ವಾ ಮೋಳೆ.”

ಮೋಳೆ ಎಂದರೆ ಮಗಳೆ. ರಬ್ಬರ್ ಮರ ಕೆತ್ತುವವರ ಬಾಯಲ್ಲಿ ಲ್ಯಾಟಿನ್ ಬಂದದ್ದು ನಮಗೆ ವಿಚಿತ್ರವಾಗಿ ಕಂಡಿತು. ಅವರ ಹಿಂದಿನ ಕತೆ ಆಗ ತಿಳಿಯಿತು. ಪಾದ್ರಿಯಾಗಲು ಐದು ವರ್ಷ ಸೆಮಿನರಿಯಲ್ಲಿ ಓದಿದ್ದರು. ಅಪ್ಪ ತೀರಿಕೊಂಡು ತಮ್ಮಂದಿರನ್ನು ನೋಡುವವರಿಲ್ಲದೆ ಬಿಟ್ಟು ಬಂದರು. ಲ್ಯಾಟಿನ್ ತಲೆಯಲ್ಲಿ ಉಳಿಯಿತು. ನೆಲ್ಯಾಡಿಯಲ್ಲಿ ಅದನ್ನು ಕೇಳುವವರು ಯಾರು? ತಿಂಗಳಿಗೊಮ್ಮೆ ಬರುವ ಪಾದ್ರಿಗೆ ಊಟ ಮಾಡಲೂ ಪುರುಸೊತ್ತಿರಲಿಲ್ಲ.

“ಸೆಕಾರೆ ಅಂದ್ರೆ ಕೊಯ್ಯುದು. ದಿಸ್ ಅಂದ್ರೆ ಬೇರೆ ಬೇರೆ ಆಗಿ. ಎರಡು ಮಾಡುದಾದ್ರೆ ಅದಕ್ಕೆ ಬೈಸೆಕ್ಟ್ ಅಂತ ಬೇರೆ ಶಬ್ದ ಉಂಟು. ಇದು ಹಾಗಲ್ಲ. ಅಂಟಿಕೊಂಡದ್ದನ್ನು ಒಂದೊಂದಾಗಿ ಬಿಡಿಸಿ ಇಡುದು, ಯಾವುದಕ್ಕೂ ಏಟು ಆಗ್ಬಾರ್ದು.”

“ನಾನು ಮಾರ್ಚಲ್ಲಿ ಬೈಸೆಕ್ಟ್ ಮಾಡಿ ಬಂದೆ” ಎಂದಳು ದೇವಕಿ.

ಅವರು ಮಾತು ಮುಂದುವರಿಸಿದರು. ಸೆಕ್ಷನ್ ಅದರಿಂದಲೇ ಬಂದದ್ದು. ಸೆಗ್ಮೆಂಟ್ ಕೂಡ. ಇನ್‌ಸೆಕ್ಟ್ ಅಂದರೆ ಒಳಕ್ಕೆ ಕೊಯ್ದದ್ದು, ಇರುವೆಯ ಸೊಂಟ ನೋಡಿ, ಯಾರೋ ಕತ್ತಿ ಹಾಕಿ ಅರ್ಧಕ್ಕೆ ಬಿಟ್ಟ ಹಾಗೆ ಇಲ್ಲವೇ? ಕೊಯ್ಲಿನ ಕುಡುಗೋಲಿನ ಸಿಕಲ್ ಎಂಬ ಶಬ್ದವೂ ಅದೇ ಮನೆಯದು. ಸೆಕ್ಟ್ ಅಂದರೆ ಪಂಥ, ಸಭೆಯಿಂದ ಕೊಯ್ದು ಬೇರೆಯಾದದ್ದು. ಅಷ್ಟು ಹೇಳಿ ಪೆಟ್ಟಿಗೆಯ ಅಕ್ಷರಗಳ ಮೇಲೆ ಒಮ್ಮೆ ಬೆರಳಾಡಿಸಿದರು. ನಮ್ಮ ಪಠ್ಯಪುಸ್ತಕದ ಎರಡು ಪುಟಗಳ ಶಬ್ದಗಳು ಆ ಮಧ್ಯಾಹ್ನ ಒಂದೇ ಕುಟುಂಬದವೆಂದು ಗೊತ್ತಾಯಿತು. ಪರೀಕ್ಷೆಗೆ ಅದರಿಂದ ಏನೂ ಪ್ರಯೋಜನ ಕಾಣಲಿಲ್ಲ.

“ಕೊಯ್ಲಿಕ್ಕೆ ಬರುದಿಲ್ವಾ ನಿನಗೆ?” ಎಂದು ಕೇಳಿದರು ಕೊನೆಗೆ.

“ಬರ್ತದೆ. ಕತ್ತಿ ಅಲ್ಲಾಡದೆ ಇದ್ರೆ ಬರ್ತದೆ.”

ಅವರು ನಗಲಿಲ್ಲ. ಅವಳ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿದರು, ಡಾಕ್ಟರು ನಾಲಗೆ ನೋಡಿದ ಹಾಗೆ. ನಾಳೆ ಮಳೆ ಬಿಟ್ಟಾಗ ತೋಟಕ್ಕೆ ಬಾ ಎಂದರು. ಜೋರು ಮಳೆಗೆ ರಬ್ಬರ್ ಕೆತ್ತುವುದಿಲ್ಲ, ಗೆರಟೆಯಲ್ಲಿ ಹಾಲಿನ ಬದಲು ನೀರು ತುಂಬುತ್ತದೆ. ಹಾಗಾಗಿ ಅವರಿಗೂ ಅದು ಬಿಡುವಿನ ಕಾಲ.

ಬೇಲಿಯ ಬಳಿಯ ಒಂದು ಮರವನ್ನು ತೋರಿಸಿ ಹೇಳಿದರು, “ಇದು ನಿನ್ನ ಮರ.”

ರಬ್ಬರ್ ಮರ ಕೆತ್ತುವುದೆಂದರೆ ಬಲದ ಕೆಲಸವಲ್ಲ. ತೊಗಟೆಯ ಒಂದು ಪದರವನ್ನು ಮಾತ್ರ ಓರೆಯಾಗಿ, ಎಡದಿಂದ ಬಲಕ್ಕೆ ಇಳಿಯುವಂತೆ ಕೆತ್ತಬೇಕು. ಹಾಲಿರುವುದು ತೊಗಟೆಯ ಒಳಮೈಯಲ್ಲಿ, ಮರಕ್ಕೆ ಅಂಟಿಕೊಂಡಂತೆ. ಕತ್ತಿ ಮೇಲ್ಪದರದಲ್ಲೇ ನಿಂತರೆ ಹಾಲಿಲ್ಲ. ಉಗುರಿನ ದಪ್ಪ ಹೆಚ್ಚು ಒಳಗೆ ಹೋದರೆ ಮರಕ್ಕೆ ಗಾಯ, ಗಾಯವಾದಲ್ಲಿ ಗಂಟು ಬರುತ್ತದೆ, ಗಂಟಿನ ಮೇಲೆ ಮತ್ತೆ ಕೆತ್ತಲಾಗುವುದಿಲ್ಲ.

ದೇವಕಿ ಮೊದಲ ದಿನ ಕತ್ತಿಯನ್ನು ಎದೆಗೆ ಒತ್ತಿ ಹಿಡಿದು ಅಲ್ಲಾಡದೆ ನಿಂತಳು. ಮರ ಬರಲಿ ಎಂದು ಕಾಯುವವಳ ಹಾಗೆ.

“ಮರ ಬರುದಿಲ್ಲ ಮೋಳೆ” ಎಂದರು ಮತ್ತಾಯಿ ಚೇಟ್ಟ. “ಅದಕ್ಕೆ ಬೇರು ಉಂಟು. ನೀನೇ ಹೋಗ್ಬೇಕು. ಕೈ ಮಾತ್ರ ಅಲ್ಲ, ಇಡೀ ಆಳು. ಮರಕ್ಕೆ ಸುತ್ತು ಬರ್ತಾ ಕೊಯ್ಯುದು.”

ಅವಳು ಎಳೆದಳು. ಕತ್ತಿ ಮರಕ್ಕೇ ಹೋಯಿತು. ಹಾಲಿನ ಬಿಳಿಯ ನಡುವೆ ಮರದ ಬಿಳಿ ಬೇರೆಯಾಗಿ ಕಂಡಿತು.

“ಒಂದು” ಎಂದರು ಅವರು.

ಗಾಯಗಳ ಎಣಿಕೆ ಆ ಮಧ್ಯಾಹ್ನ ಒಂಬತ್ತರವರೆಗೆ ಹೋಯಿತು. ಪ್ರತಿ ಗಾಯಕ್ಕೂ ಒಂದು ಡಬ್ಬಿಯಿಂದ ಕಪ್ಪು ಮದ್ದು ತೆಗೆದು ಬಳಿಯುತ್ತಿದ್ದರು. ಅವರ ಹೆಂಡತಿ ಏಲಿಯಮ್ಮ ಚೇಚಿ ಕಪ್ಪ ಬೇಯಿಸುವುದನ್ನು ಬಿಟ್ಟು ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು. ಕಪ್ಪ ಅಂದರೆ ಮರಗೆಣಸು, ಚೇಚಿ ಅಂದರೆ ಅಕ್ಕ.

“ಏಳು ವರ್ಷ ನನ್ನ ಮಕ್ಕಳಿಗಿಂತ ಚಂದ ನೋಡಿಕೊಂಡ ಮರ” ಎಂದರು. “ಒಂದೇ ದಿನದಲ್ಲಿ ಮುಗಿಸಿದ್ರಿ ಇಬ್ಬರೂ ಸೇರಿ.”

“ನನಗೆ ಬೇಡ ಚೇಚಿ, ನಾನು ಬಿಡ್ತೇನೆ” ಎಂದಳು ದೇವಕಿ. ಕತ್ತಿಯನ್ನು ಕೆಳಗಿಟ್ಟೇಬಿಟ್ಟಳು.

“ಬಿಡುದು ಎಂತಕ್ಕೆ? ಆ ಮರ ಹೋಯ್ತು. ಇನ್ನು ಅದರಲ್ಲೇ ಕಲಿ. ಬೇರೆ ಮರ ಮುಟ್ಟಿದ್ರೆ ಮಾತ್ರ ನನಗೆ ಹೇಳಿ ಮುಟ್ಟು.”

ಎರಡನೆಯ ದಿನ ಮತ್ತಾಯಿ ಚೇಟ್ಟ ಲ್ಯಾಟಿನನ್ನು ಕೆಲಸಕ್ಕೆ ಹಚ್ಚಿದರು. ಮರ ಕೆತ್ತುವವರ ಕೈಗೆ ಒಂದು ತಾಳವಿರುತ್ತದೆ, ಚಿಕ್ಕ ಚಿಕ್ಕ ಎಳೆತ, ಒಂದು ಹೆಜ್ಜೆ, ಮತ್ತೆ ಎಳೆತ. ಆ ತಾಳ ದೇವಕಿಗೆ ಹಿಡಿಯಲಿಲ್ಲ. ಹಾಗಾಗಿ ಕ್ರಿಯಾಪದವನ್ನು ಬಾಯಿಪಾಠ ಮಾಡಿಸಿದರು. ಸೆಕೊ, ಸೆಕಾಸ್, ಸೆಕಾತ್. ನಾನು ಕೊಯ್ಯುತ್ತೇನೆ, ನೀನು ಕೊಯ್ಯುತ್ತೀ, ಅವನು ಕೊಯ್ಯುತ್ತಾನೆ. ಮೂರು ಶಬ್ದಕ್ಕೆ ಮೂರು ಎಳೆತ, ಆಮೇಲೆ ಒಂದು ಹೆಜ್ಜೆ ಹಿಂದಕ್ಕೆ. ಅವರು ಹೇಳುವುದು, ಅವಳು ಎಳೆಯುವುದು. ಬೇಲಿಯಾಚೆ ದಾರಿಯಲ್ಲಿ ಹೋಗುವವರು ನಿಂತು, ಇದು ಯಾವ ದೇವರ ಸೇವೆ ಎಂದು ಕೇಳಿ ಹೋದರು.

“ಅಚ್ಚನ್ ಆಗ್ಲಿಕ್ಕೆ ಆಗ್ಲಿಲ್ಲ” ಎಂದರು ಏಲಿಯಮ್ಮ ಚೇಚಿ ನನಗೆ ಕೇಳುವಂತೆ. ಅಚ್ಚನ್ ಅಂದರೆ ಪಾದ್ರಿ. “ಮನುಷ್ಯರಿಗೆ ಪೂಜೆ ಹೇಳಲಿಕ್ಕೆ ಯೋಗ ಇಲ್ಲ. ಈಗ ಮರಕ್ಕೆ ಹೇಳ್ತಾ ಇದ್ದಾರೆ.”

“ಮರ ಎದ್ದು ಹೋಗುದಿಲ್ಲ, ಅದು ಒಂದು ಗುಣ” ಎಂದರು ಅವರು.

ಐದನೆಯ ದಿನ ಗಾಯ ಎರಡಕ್ಕೆ ಇಳಿಯಿತು. ಏಳನೆಯ ದಿನ ಅವರು ಎಣಿಸಲಿಲ್ಲ. ತೊಗಟೆಯ ಎಳೆ ಕತ್ತಿಯಿಂದ ಕತ್ತರಿಸಿ ಹೋಗದೆ ಉದ್ದಕ್ಕೆ ಸುರುಳಿಯಾಗಿ ಬಂತು. ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಹೆಂಡತಿಗೆ ಕೊಟ್ಟರು. ಚೇಚಿ ಅದನ್ನು ಹಿಡಿದುಕೊಂಡೇ ಒಳಗೆ ಹೋದರು. ಆ ದಿನ ನಮಗೆ ಕಪ್ಪದ ಜೊತೆ ಮೀನಿನ ಸಾರು ಸಿಕ್ಕಿತು.

ಕಪ್ಪೆ ಉಳಿದಿತ್ತು. ಆಗಸ್ಟ್ ಆದ್ದರಿಂದ ಹುಡುಕಬೇಕಾಗಿರಲಿಲ್ಲ. ನಮ್ಮ ಅಮ್ಮ ಮನೆಯೊಳಗೆ ಬೇಡ, ಹಟ್ಟಿಯಲ್ಲಾದರೆ ಮಾಡಿ, ದನಗಳಿಗೆ ಕಾಣದ ಹಾಗೆ, ಎಂದರು. ಹಳೆಯ ಬಟ್ಟಲಿಗೆ ಮೇಣ ಹೊಯ್ದು ತಟ್ಟೆ ಮಾಡಿದೆವು. ಮತ್ತಾಯಿ ಚೇಟ್ಟ ಸೋರುವ ಮಾಡಿನ ಕೆಳಗೆ ಕೊಡೆ ಹಿಡಿದು ನಿಂತರು. ಕಪ್ಪೆಯ ಒಳಗಿನ ವಿಷಯ ತನಗೆ ಗೊತ್ತಿಲ್ಲ ಎಂದು ಮೊದಲೇ ಹೇಳಿದರು.

“ತೊಗಟೆ ಬೇರೆ, ಮರ ಬೇರೆ. ಅಷ್ಟೇ ನನಗೆ ಗೊತ್ತಿರುದು.”

ದೇವಕಿ ಚಿಮಟದಲ್ಲಿ ಚರ್ಮವನ್ನು ಎತ್ತಿ ಹಿಡಿದಳು. ತುಟಿ ಅಲ್ಲಾಡುತ್ತಿತ್ತು, ಶಬ್ದವಿರಲಿಲ್ಲ. ಕೆಳಗಿನಿಂದ ಗಂಟಲಿನವರೆಗೆ ಚರ್ಮ ಮಾತ್ರ ಬಿಡಿಸಿಕೊಂಡು ಬಂತು. ಅಡಿಯ ಮಾಂಸ ಹಾಗೆಯೇ ಇತ್ತು, ಅದರ ನಡುವೆ ಪುಸ್ತಕದಲ್ಲಿ ಹೇಳಿದ ರಕ್ತನಾಳ, ಕತ್ತಿ ತಗಲಿದರೆ ಇಡೀ ತಟ್ಟೆ ಕೆಂಪಾಗುತ್ತದೆ ಎಂದು ಹೆದರಿಸಿದ್ದ ರಕ್ತನಾಳ, ಶಾಯಿಯ ಗೆರೆಯ ಹಾಗೆ ಸರಿಯಾಗಿ ಉಳಿದಿತ್ತು.

ನಾನು ಚೀಟಿ ಬರೆದೆ.

ಸೆಪ್ಟೆಂಬರಿನ ಪರೀಕ್ಷೆಯ ಕೋಣೆಯೊಳಗೆ ನನಗೆ ಪ್ರವೇಶವಿರಲಿಲ್ಲ. ಅಲ್ಲಿ ನಡೆದದ್ದು ಅಟೆಂಡರ್ ಬಾಬಣ್ಣ ಹೇಳಿ ಗೊತ್ತು. ಅವನು ಕಪ್ಪೆ ಕೊಡುತ್ತ ಅಲ್ಲಿಯೇ ಇದ್ದ, ಸುಳ್ಳು ಹೇಳಲು ಅವನಿಗೆ ಕಾರಣವಿರಲಿಲ್ಲ.

“ಉಳಿದವರೆಲ್ಲ ತಟ್ಟೆ ತಿರುಗಿಸಿ ಕೊಯ್ದದ್ದು” ಎಂದ. “ನಿಮ್ಮ ದೇವಕಿ ತಟ್ಟೆ ಮುಟ್ಲೇ ಇಲ್ಲ ಮಾರಾಯ್ರೆ. ಮೇಜಿಗೇ ಸುತ್ತು ಬಂದದ್ದು. ಒಂದು ಹೆಜ್ಜೆ ಇಡುದು, ಕೊಯ್ಯುದು, ಮತ್ತೊಂದು ಹೆಜ್ಜೆ. ಪರೀಕ್ಷೆಗೆ ಬಂದ ಹೊಸ ಸಾರು ಕೇಳಿದ್ರು, ಎಲ್ಲಿಗೆ ಹೋಗುದು ನೀನು ಅಂತ. ಇವಳು ಎಂತ ಹೇಳಿದ್ಳು ಗೊತ್ತುಂಟಾ? ಅದು ಬರುದಿಲ್ಲ ಸರ್, ನಾನೇ ಹೋಗ್ಬೇಕು, ಅಂತ. ಸಾರು ಬಗ್ಗಿ ತಟ್ಟೆ ನೋಡಿದ್ರು. ಮತ್ತೆ ಒಂದು ಮಾತೂ ಕೇಳ್ಲಿಲ್ಲ, ಅಂಕ ಬರೆದು ಹೋದ್ರು.”

ಅವಳು ಪಾಸಾದಳು. ನೆಲ್ಯಾಡಿಗೆ ಹೇಳಲು ಇಬ್ಬರೂ ಹೋದೆವು. ಮತ್ತಾಯಿ ಚೇಟ್ಟ ಗೆರಟೆ ತೊಳೆಯುತ್ತಿದ್ದರು. ಪಾಸು ಎಂಬ ಸುದ್ದಿಗೆ ತಲೆಯಾಡಿಸಿದರು, ಅದು ಅವರಿಗೆ ಗೊತ್ತಿದ್ದದ್ದೇ. ಅವರಿಗೆ ಬೇಕಿದ್ದದ್ದು ಬೇರೆ.

“ಲ್ಯಾಟಿನ್ ಕೇಳಿದ್ರಾ?”

ಯಾರೂ ಕೇಳಿರಲಿಲ್ಲ. ಬಾಬಣ್ಣನ ಹೇಳಿಕೆ ಆ ವಿಷಯದಲ್ಲಿ ಸ್ಪಷ್ಟವಾಗಿದೆ.

“ಕೇಳಿದ್ರು ಚೇಟ್ಟ” ಎಂದಳು ದೇವಕಿ. “ಶಬ್ದದ ಅರ್ಥ ಕೇಳಿದ್ರು. ದಿಸ್, ಸೆಕಾರೆ ಹೇಳಿದೆ. ಯಾರು ಕಲಿಸಿದ್ದು ಅಂತ ಕೇಳಿದ್ರು.”

“ಎಂತ ಹೇಳಿದೆ?”

“ನಮ್ಮ ಊರಲ್ಲಿ ಒಬ್ಬರು ಮಾಷ್ಟ್ರು ಇದ್ದಾರೆ ಅಂತ.”

ಅವರು ತೊಳೆದ ಗೆರಟೆಯನ್ನು ಮತ್ತೊಮ್ಮೆ ತೊಳೆದರು. ನಾನು ಅಲ್ಲಿಯೇ ನಿಂತಿದ್ದೆ. ತಿದ್ದಲಿಲ್ಲ.

ತಿದ್ದುವುದೇ ಕೆಲಸವಾದದ್ದು ಆಮೇಲೆ. ಮಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಡಿಸೆಕ್ಟ್ ಎಂಬ ಶಬ್ದ ಟೆಲಿಪ್ರಿಂಟರಿನಲ್ಲಿ ಆಗಾಗ ಬರುತ್ತಿತ್ತು, ಹೆಚ್ಚಾಗಿ ಬಜೆಟ್ಟಿನ ಕಾಲಕ್ಕೆ. ಸಂಸ್ಕೃತದ ವಿಚ್ಛೇದ ಅದರ ತದ್ರೂಪು, ‘ದಿಸ್’ನ ಜಾಗದಲ್ಲಿ ‘ವಿ’, ‘ಸೆಕಾರೆ’ಯ ಜಾಗದಲ್ಲಿ ‘ಛೇದ’. ಆದರೆ ಆ ಶಬ್ದವನ್ನು ಅಷ್ಟರಲ್ಲಾಗಲೇ ಗಂಡ ಹೆಂಡಿರ ಕೋರ್ಟು ತೆಗೆದುಕೊಂಡಿತ್ತು. ಒಮ್ಮೆ ಹೊಸಬರೊಬ್ಬರು ‘ಬಜೆಟ್ಟಿನ ಶವಪರೀಕ್ಷೆ’ ಎಂದು ಬರೆದರು. ಮುಖ್ಯ ಉಪಸಂಪಾದಕರು ಪಕ್ಕದಲ್ಲಿ ‘ಇನ್ನೂ ಸತ್ತಿಲ್ಲ’ ಎಂದು ಬರೆದು ಹೊಡೆದು ಹಾಕಿದರು.

ಆ ಡೆಸ್ಕಿನಲ್ಲೇ ದೇವಕಿಯ ಈ ಪೆಟ್ಟಿಗೆಯೂ ಇತ್ತು. ಮೆಡಿಕಲ್ ಕಾಲೇಜಿಗೆ ಸೀಟು ಸಿಕ್ಕಿ ಹೊರಟ ದಿನ, “ಅಲ್ಲಿ ಹೊಸತು ಕೊಡ್ತಾರಂತೆ, ಇದು ನಿನಗಿರಲಿ” ಎಂದು ನನ್ನ ಕೈಗೆ ಹಾಕಿ ಹೋಗಿದ್ದಳು. ಅದರ ಕತ್ತರಿಯಲ್ಲಿ ನಾನು ಟೆಲಿಪ್ರಿಂಟರಿನ ಕಾಗದ ಕತ್ತರಿಸಿ ಗೋಂದು ಹಚ್ಚಿ ಸುದ್ದಿ ಜೋಡಿಸುತ್ತಿದ್ದೆ. ಕತ್ತರಿ ಮೂರು ಸಲ ಸಾಣೆ ಕಂಡಿದೆ. ಕತ್ತಿಗಳನ್ನು ನಾನು ಮುಟ್ಟಿಲ್ಲ.

ಪತ್ರಿಕೆಯ ಕಚೇರಿಯ ದೊಡ್ಡ ಇಂಗ್ಲಿಷ್ ನಿಘಂಟಿನಲ್ಲಿ ಒಂದು ದಿನ ಡಿಸೆಕ್ಟ್ ತೆಗೆದು ನೋಡಿದೆ. ಮತ್ತಾಯಿ ಚೇಟ್ಟ ಹೇಳಿದ್ದೆಲ್ಲ ಸರಿಯಾಗಿತ್ತು. ಸೆಕ್ಷನ್ ಸರಿ, ಇನ್‌ಸೆಕ್ಟ್ ಸರಿ, ಸಿಕಲ್ ಸರಿ. ಒಂದು ಮಾತ್ರ ತಪ್ಪು. ಪಂಥ ಎಂಬ ಅರ್ಥದ ಸೆಕ್ಟ್ ಕೊಯ್ಯುವುದರಿಂದ ಬಂದದ್ದಲ್ಲ. ಅದು ಬೇರೆ ಮೂಲದ್ದು, ‘ಹಿಂದೆ ನಡೆಯುವುದು’ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದ್ದು. ಕೊಯ್ದುಕೊಂಡು ಹೋದವರಲ್ಲ, ಒಬ್ಬರ ಹಿಂದೆ ಹೋದವರು. ಮತ್ತಾಯಿ ಚೇಟ್ಟ ಆಗ ಬದುಕಿದ್ದರು. ಒಂದು ಕಾರ್ಡು ಬರೆಯೋಣವೆಂದು ತೆಗೆದಿಟ್ಟೆ. ಬರೆಯಲಿಲ್ಲ.

ಕಳೆದ ವರ್ಷ ಪೆಟ್ಟಿಗೆ ಸಿಕ್ಕಿದ ಮೇಲೆ ಅದನ್ನು ಹಿಡಿದುಕೊಂಡು ಸುಳ್ಯಕ್ಕೆ ಹೋದೆ. ಸುತ್ತು ದಾರಿ ಹಿಡಿದು ಮೊದಲು ನೆಲ್ಯಾಡಿಯಲ್ಲಿ ಇಳಿದೆ. ಮತ್ತಾಯಿ ಚೇಟ್ಟ ಮತ್ತು ಏಲಿಯಮ್ಮ ಚೇಚಿ ಇಬ್ಬರೂ ಈಗಿಲ್ಲ. ಮಗ ಹಳೆಯ ಮರಗಳನ್ನೆಲ್ಲ ಕಡಿಸಿ ಎರಡು ಸಲ ಹೊಸ ಗಿಡ ನೆಟ್ಟಿದ್ದಾರೆ. ಬೇಲಿಯ ಬಳಿಯ ಮರದ ವಿಷಯ ಕೇಳಿದೆ.

“ಗಂಟಿನ ಮರವಾ? ಅದರಲ್ಲಿ ಹಾಲೂ ಇಲ್ಲ, ಎಂತದೂ ಇಲ್ಲ. ಅಪ್ಪ ಕಡಿಲಿಕ್ಕೆ ಬಿಡ್ಲಿಲ್ಲ. ಅವರು ಹೋದ ಮೇಲೆ ಅಮ್ಮ ಬಿಡ್ಲಿಲ್ಲ. ಮತ್ತೆ ಗಾಳಿಗೆ ಬಿತ್ತು.”

ದೇವಕಿ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸಕಿಯಾಗಿ ಕೆಲಸ ಮಾಡಿ ನಿವೃತ್ತಳಾಗಿ ಸುಳ್ಯದಲ್ಲಿದ್ದಾಳೆ. ಪೆಟ್ಟಿಗೆ ತೆರೆದು ಒಂದೊಂದನ್ನೇ ತೆಗೆದು ನೋಡಿದಳು. ನಾನು ಸೆಕ್ಟ್ ಶಬ್ದದ ವಿಷಯ ಹೇಳಿದೆ.

“ಅವರಿಗೆ ಹೇಳಿದ್ಯಾ?”

“ಇಲ್ಲ.”

“ಒಳ್ಳೇದಾಯ್ತು ಮಾರಾಯ್ತಿ” ಎಂದಳು. ಪುಟ್ಟ ಕತ್ತಿಯನ್ನು ಚೀಲದ ಅದರ ಜಾಗಕ್ಕೆ ಸೇರಿಸಿ ಗುಂಡಿ ಹಾಕಿದಳು.

ಮಧ್ಯಾಹ್ನದ ಸಾಂಬಾರಿಗೆ ಸೌತೆಕಾಯಿ ಹೆಚ್ಚಬೇಕಿತ್ತು. ನಾನು ಹೆಚ್ಚುತ್ತೇನೆ, ಚಾಕು ಎಲ್ಲಿ ಎಂದು ಕೇಳಿದೆ. ಅವಳು ಮೂಲೆಯಿಂದ ಮೆಟ್ಟುಕತ್ತಿ ಎಳೆದು ಹಲಗೆಯನ್ನು ಮೆಟ್ಟಿ ಕೂತಳು. ಆ ಮನೆಯಲ್ಲಿ ಚಾಕು ಇಲ್ಲ.